ಬೇವಿನ ಕೊಂಬೆಗೆ ತೂಗಿದ ಡಬ್ಬಿ

ನಮ್ಮ ಮನೆಯಲ್ಲಿ ಮುಚ್ಚಳವಿಲ್ಲದ ಡಬ್ಬಿ ಒಂದೂ ಇರಲಿಲ್ಲ. ಉಪ್ಪಿನ ಭರಣಿಗೂ ಮುಚ್ಚಳ, ಸಾಸಿವೆಯ ಬಟ್ಟಲಿಗೂ ಮುಚ್ಚಳ, ದೇವರ ಮುಂದಿನ ಸಕ್ಕರೆಯ ಮೇಲೂ ಒಂದು ಹಿತ್ತಾಳೆ ತಟ್ಟೆ ಬೋರಲು. ಸೊಲ್ಲಾಪುರದ ಹಳೆಯ ಪೇಟೆಯಲ್ಲಿದ್ದ ಆ ಮನೆಯ ಮುಂಭಾಗ ಅಂಗಡಿ, ನಡುವೆ ಚಾದರ ಟವೆಲ್ಲುಗಳ ಗಂಟು ಒಟ್ಟಿದ ಗೋದಾಮು, ಅದರ ಹಿಂದೆ ನಾವು. ಬಟ್ಟೆ ಬಿಟ್ಟು ಉಳಿದ ಜಾಗದಲ್ಲಿ ಮನುಷ್ಯರು. ಎರಡು ಕೋಣೆ, ಹೊಗೆಗೆ ಕರಿಹಿಡಿದ ಒಂದು ಅಡುಗೆಮನೆ, ಹಿತ್ತಿಲಲ್ಲಿ ಒಂದು ಬೇವಿನ ಗಿಡ, ಬಚ್ಚಲು, ನೀರಿನ ಡ್ರಮ್ಮು. ಹೊಸ ಚಾದರಕ್ಕೆ ಗಂಜಿ ಹಾಕಿರುತ್ತಾರೆ. ಗಂಜಿಯ ವಾಸನೆ ಅನ್ನದ ವಾಸನೆಯೇ. ಹಾಗಾಗಿ ನಮ್ಮ ಮನೆಗೆ ಬರುವ ಇಲಿಗೆ ಅಡುಗೆಮನೆಗೂ ಗೋದಾಮಿಗೂ ಭೇದವಿರಲಿಲ್ಲ. ಊಟ ಮುಗಿದ ಕೂಡಲೇ ಅವ್ವ ನೆಲ ಒರೆಸುತ್ತಿದ್ದಳು, ನಮ್ಮ ತುಟಿ ಒರೆಸುವುದಕ್ಕಿಂತ ಮೊದಲು. ರೊಟ್ಟಿಯ ಚೂರು ಕೈಯಲ್ಲಿ ಹಿಡಿದು ಗೋದಾಮು ದಾಟುವಂತಿರಲಿಲ್ಲ. ಒಮ್ಮೆ ನಾನು ಶೇಂಗಾ ಚಟ್ನಿ ಹಚ್ಚಿದ ಬೆರಳನ್ನು ಗಂಟಿಗೆ ಸುತ್ತಿದ ಗೋಣಿತಟ್ಟಿಗೆ ಒರೆಸಿದ್ದಕ್ಕೆ ಅಪ್ಪ ಇಡೀ ಮಧ್ಯಾಹ್ನ ನನ್ನೊಂದಿಗೆ ಮಾತಾಡಿರಲಿಲ್ಲ. ಅಪ್ಪ ಹೊಡೆಯುವವರಲ್ಲ. ಮಾತು ನಿಲ್ಲಿಸುವವರು. ಹೊಡೆತಕ್ಕಿಂತ ಅದಕ್ಕೇ ನಾನು ಹೆಚ್ಚು ಹೆದರುತ್ತಿದ್ದೆ.

ಇಷ್ಟೆಲ್ಲ ಇದ್ದೂ ವರ್ಷಕ್ಕೊಂದು ದಿನ ನಮ್ಮಲ್ಲಿ ಇಲಿಗೆ ಮರ್ಯಾದೆ. ಗಣಪತಿ ಕೂತ ಮರುದಿನ ಅರಿವೆ ವ್ಯಾಪಾರದ ಮನೆಗಳಲ್ಲಿ ಇಲಿಯ ವಾರ ಮಾಡುತ್ತಾರೆ. ಅಂಗಡಿಯ ಕತ್ತರಿಗೆ ಅರಿವೆ ಸುತ್ತಿ ಮೇಲಿಡುವುದು, ಸೂಜಿ ಮುಟ್ಟದಿರುವುದು, ಮಣ್ಣಿನ ಇಲಿಗೆ ಕಡುಬು ತೋರಿಸುವುದು, ಆಮೇಲೆ ಗೋದಾಮಿನ ಮೂಲೆಯಲ್ಲಿ ಒಂದು ಎಲೆ ಬಡಿಸಿ ಬಾಗಿಲು ಎಳೆದುಕೊಂಡು ಬರುವುದು. ಅಂದು ಇಲಿಯನ್ನು ಹೆಸರು ಹಿಡಿದು ಬಯ್ಯುವಂತಿಲ್ಲ, ಅಟ್ಟಿಸುವಂತಿಲ್ಲ. ಇದೆಲ್ಲ ನಡೆಸುತ್ತಿದ್ದವಳು ಆಯಿ, ಅಂದರೆ ಅಪ್ಪನ ತಾಯಿ. ಅಪ್ಪ ಆ ಒಂದು ದಿನ ಹಲ್ಲು ಕಚ್ಚಿ ಸುಮ್ಮನಿದ್ದು, ಮರುದಿನ ಬೆಳಿಗ್ಗೆ ಸ್ನಾನಕ್ಕೂ ಮುಂಚೆ ನಾಲ್ಕು ಬೋನು ಇಡುತ್ತಿದ್ದರು. ಒಂದೇ ಒಂದು ದಿನ, ಅದಕ್ಕಿಂತ ಹೆಚ್ಚು ಒಂದು ಅಗುಳೂ ಗೋದಾಮಿನ ಹತ್ತಿರ ಬೀಳಬಾರದು ಎಂದು ತಾಯಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಆಯಿ ಹೂಂ ಅಂದಿದ್ದಳು.

ಆಯಿಯ ಕೈಯಲ್ಲೇ ನಾನು ಬೆಳೆದದ್ದು. ನನಗೆ ತಲೆ ಬಾಚುವವಳು ಅವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗುವವಳು ಅವಳು. ಅವಳಿಗೆ ಅವಸರ ಎಂಬುದೇ ಗೊತ್ತಿರಲಿಲ್ಲ. ಹೂಬತ್ತಿ ಹೊಸೆಯಲು ಕೂತರೆ ನೂರಾದ ಮೇಲೇ ಏಳುವುದು. ಜೋಳ ಹಸನು ಮಾಡುವಾಗ ಒಂದು ಹರಳು ಉಳಿದಿದ್ದರೂ ಮೊರವನ್ನು ಮತ್ತೆ ಮೊದಲಿನಿಂದ ಕೇರುವಳು. ನನ್ನನ್ನು ಇಂದು ನೋಡಿದವರು, ಎಷ್ಟು ತಾಳ್ಮೆಯವಳು ಅನ್ನುತ್ತಾರೆ. ಅದು ನನ್ನದಲ್ಲ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ, ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ವಾರ, ಬಸು ಕಾಕಾ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದ. ಕಾಕಾ ಅಪ್ಪನ ತಮ್ಮ. ಅಂಗಡಿಯಲ್ಲಿ ಮನಸ್ಸು ನಿಲ್ಲದೆ, ಔಷಧಶಾಸ್ತ್ರ ಕಲಿಸುವ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಪೆಟ್ಟಿಗೆಯೊಳಗೆ ಎರಡು ಪ್ರಾಣಿ. ಮೊಲಕ್ಕಿಂತ ಸಣ್ಣವು, ಇಲಿಗಿಂತ ದಪ್ಪ, ಮೈಮೇಲೆ ಬಿಳಿ ಕಂದು ಮಚ್ಚೆ, ಬಾಲವೇ ಇಲ್ಲ.

‘ಏನಲೇ ಬಸ್ಯಾ ಇದು?’ ಆಯಿ ಕನ್ನಡಕ ಏರಿಸಿದಳು.

‘ಗಿನಿಪಿಗ್ ಅಂತಾರಬೇ. ಕಾಲೇಜಿನ್ಯಾಗ ಪರೀಕ್ಷಾ ಮುಗದಾವ, ಇವೆರಡು ಉಳದಾವ. ಬ್ಯಾಡಾದ್ರ ವಾಪಸ್ ಒಯ್ತೀನಿ.’

‘ಪಿಗ್ ಅಂದ್ರ ಹಂದಿ ಅಲ್ಲೇನು? ಲಿಂಗ ಕಟ್ಟಿದ ಮನಿಯಾಗ ಹಂದಿ ತಂದಿ?’

‘ಹಂದಿ ಅಲ್ಲಬೇ, ಇಲಿ ಜಾತೀದು. ಬಾಲ ಇರಂಗಿಲ್ಲ ಅಷ್ಟ.’

‘ಹಂಗಾದ್ರ ಇಲಿ ಅನ್ನು.’

ಆಗಿನಿಂದ ಅವು ಮೊಂಡಿಲಿಗಳಾದವು. ವಾಪಸ್ ಹೋದರೆ ಮುಂದಿನ ಟರ್ಮಿನಲ್ಲಿ ಹುಡುಗರು ಅವುಗಳಿಗೆ ಸೂಜಿ ಚುಚ್ಚಿ ಔಷಧಿ ನೋಡುತ್ತಾರೆ, ಕಡೆಗೆ ಕೊಯ್ದೂ ನೋಡುತ್ತಾರೆ ಎಂದು ಕಾಕಾ ನನಗೊಬ್ಬಳಿಗೇ ಹೇಳಿದ. ನಾನು ಪೆಟ್ಟಿಗೆ ಹಿಡಿದು ಅಪ್ಪನ ಮುಂದೆ ಹೋಗಿ ನಿಂತೆ. ಅಪ್ಪ ಅಂಗಡಿಯ ಗಾದಿಯ ಮೇಲೆ ಕೂತು ಚಾದರ ಮಡಚುತ್ತಿದ್ದರು.

‘ಮುಂದ ಅವಕ್ಕ ಕಾಳು ಹಾಕೋರು ಯಾರು?’

‘ನಾ.’

‘ಕಾಳು ಎಲ್ಲಿ ಇರ್ತಾವೋ ಅಲ್ಲಿ ಊರ ಇಲಿ ಬರ್ತಾವ. ಇವತ್ತ ಹಿತ್ತಲಕ್ಕ ಬಂದದ್ದು ನಾಳಿ ಗೋದಾಮಕ್ಕ ಬರ್ತೈತಿ. ಒಂದ ಚಾದರಕ್ಕ, ಒಂದ, ಹಲ್ಲ ಬಿತ್ತಂದ್ರ ಅವು ವಾಪಸ್. ಆಮ್ಯಾಲ ಅಳೂದು ಕರಿಯೂದು ನಡಿಯಂಗಿಲ್ಲ. ಆತೇನು?’

‘ಆತ್ರಿ ಅಪ್ಪಾ.’

ಅವತ್ತೇ ಸಂಜೆ ಆಯಿ ನನ್ನನ್ನು ಬೇವಿನ ಗಿಡದ ಕೆಳಗೆ ಕೂರಿಸಿಕೊಂಡು, ಕಾಳು ಕಾಯುವುದು ಹೇಗೆ ಎಂದು ಒಂದೊಂದಾಗಿ ಕಲಿಸಿದಳು. ಕಾಕಾ ಹಳೆಯ ಪೆಟ್ಟಿಗೆಯೊಂದಕ್ಕೆ ಜಾಳಿಗೆ ಬಡಿದು ಗೂಡು ಮಾಡಿದ. ಆಯಿ ಅದರ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇಡಿಸಿದಳು, ಇರುವೆ ಏರದಂತೆ. ಹೆಗ್ಗಣ ಕೆಳಗಿನಿಂದ ತೋಡಿಕೊಂಡು ಬರುತ್ತದೆ ಎಂದು ಬಿಲದ ಬಾಯಿಗೆಲ್ಲ ಗಾಜಿನ ಚೂರು, ಮೇಲೆ ಕಲ್ಲು. ಗುಬ್ಬಿ ಅಳಿಲುಗಳಿಗೆ ಜಾಳಿಗೆಯ ಮೇಲೊಂದು ಗೋಣಿತಟ್ಟು. ಕಾಳಿನ ಡಬ್ಬಿಯನ್ನು ನೆಲದ ಮೇಲೆ ಇಡುವುದೇ ಬೇಡ ಎಂದು, ಐದು ಕಿಲೋ ಎಣ್ಣೆಯ ತಗಡಿನ ಡಬ್ಬಿಗೆ ತಂತಿ ಕಟ್ಟಿ ಬೇವಿನ ಕೊಂಬೆಗೆ ತೂಗಿಸಿದಳು. ಮೇಲಿನಿಂದ ತಂತಿ ಹಿಡಿದು ಇಳಿಯುವ ಇಲಿಯನ್ನು ತಡೆಯಲು ಹಳೆಯ ತಾಟೊಂದರ ನಡುವೆ ತೂತು ಕೊರೆದು ತಂತಿಗೆ ಪೋಣಿಸಿದಳು. ಇಲಿ ಅದರ ಮೇಲೆ ಕಾಲಿಟ್ಟರೆ ತಾಟು ವಾಲಿ ಇಲಿ ಕೆಳಗೆ ಬೀಳುವುದು. ಡಬ್ಬಿಯ ಎತ್ತರ ನನ್ನ ಕೈಗೂ ಅವಳ ಕೈಗೂ ಸಿಗುವಷ್ಟು, ಬಾಗಿದ ಅವಳ ಬೆನ್ನಿಗೂ ನನ್ನ ಹತ್ತು ವರ್ಷಕ್ಕೂ ಎತ್ತರ ಹೆಚ್ಚುಕಡಿಮೆ ಒಂದೇ.

‘ಹಾಕೂದಕ್ಕಿಂತ ತಗಿಯೂದು ದೊಡ್ಡ ಕೆಲಸ, ಶೈಲವ್ವಾ,’ ಅಂದಳು. ‘ತಿಂದು ಉಳದದ್ದ ದೀಪ ಹಚ್ಚೂದರಾಗ ಎತ್ತಿಬಿಡಬೇಕು. ಉಳದ ಕಾಳ ಅಂದ್ರ ಊರಿಗೆಲ್ಲಾ ಆಮಂತ್ರಣ ಪತ್ರಿಕಿ.’

ಆ ಮಳೆಗಾಲ ಪೂರ್ತಿ ನನ್ನ ದಿನ ಆ ಗೂಡಿನ ಸುತ್ತ ಕಟ್ಟಿಕೊಂಡಿತು. ಬೆಳಿಗ್ಗೆ ನೆನೆಸಿದ ಕಡಲೆ ಒಂದು ಮುಷ್ಟಿ, ಜೋಳದ ನುಚ್ಚು ಒಂದು ಮುಷ್ಟಿ. ಜೋಳ ಅಕ್ಕಲಕೋಟೆಯ ಹತ್ತಿರದ ಹಳ್ಳಿಯಿಂದ ನನ್ನ ಮಾಮಾ ತಂದುಹಾಕುತ್ತಿದ್ದದ್ದು. ತನ್ನ ತವರಿನ ಜೋಳ ಇಲಿ ತಿನ್ನುತ್ತದೆ ಎಂದು ಅವ್ವ ಒಂದು ವಾರ ಗೊಣಗಿ, ಆಮೇಲೆ ತಾನೇ ನುಚ್ಚು ಒಡೆದು ಕೊಡತೊಡಗಿದಳು. ಶಾಲೆಯಿಂದ ಬಂದ ಮೇಲೆ ಕೊತ್ತಂಬರಿಯ ದಂಟು, ಹೂಕೋಸಿನ ಎಲೆ, ಸಂತೆಯಲ್ಲಿ ಸಿಕ್ಕ ದಿನ ಕುದುರೆಮೆಂತೆ. ಡಬ್ಬಿಯ ತಂತಿ ಕಿರ್ ಅಂದರೆ ಸಾಕು, ಎರಡೂ ಸೀಟಿ ಹೊಡೆದ ಹಾಗೆ ಕೂಗುತ್ತಿದ್ದವು. ಡಬ್ಬಿಯೊಳಗೆ ನಾನು ಪೆನ್ಸಿಲಿನಿಂದ ಏಳು ಗೀಟು ಎಳೆದಿದ್ದೆ, ಒಂದು ದಿನಕ್ಕೆ ಒಂದು ಗೀಟು. ರವಿವಾರ ಮೇಲಿನ ಗೀಟಿನ ತನಕ ತುಂಬಿದರೆ ಶನಿವಾರ ಸಂಜೆಗೆ ಸರಿಯಾಗಿ ತಳ ಕಾಣಬೇಕು. ಕಾಣುತ್ತಿತ್ತು. ಎರಡು ತಿಂಗಳು ಗೋದಾಮಿಗೆ ಒಂದು ಹಲ್ಲೂ ಬೀಳಲಿಲ್ಲ. ಅಪ್ಪ ಒಂದು ದಿನ ಗೂಡಿನ ಮುಂದೆ ನಿಂತು, ತಾಟನ್ನು ಬೆರಳಿನಿಂದ ಒಮ್ಮೆ ಅಲುಗಾಡಿಸಿ, ಏನೂ ಹೇಳದೆ ಹೋದರು. ಅದು ಅವರ ಶಾಭಾಸಕಿ.

ಗಣಪತಿ ಬಂದು ಹೋದ. ಹಬ್ಬ ಕಳೆದ ಮೇಲೆ ಮೊಂಡಿಲಿ ಮೂರು ಮರಿ ಹಾಕಿತು. ಮರಿಗಳು ಕಣ್ಣು ಬಿಟ್ಟುಕೊಂಡೇ ಹುಟ್ಟಿದವು, ಮೈತುಂಬ ಕೂದಲು, ಮರುದಿನವೇ ಕೊತ್ತಂಬರಿಯ ಎಲೆ ಜಗಿದವು. ಅವ್ವ ಇಂಥದ್ದು ಕಂಡೇ ಇಲ್ಲ ಎಂದು ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಅದೇ ದಿನಗಳಲ್ಲಿ ಡಬ್ಬಿಯ ಲೆಕ್ಕ ತಪ್ಪತೊಡಗಿತು. ಬುಧವಾರ ಸಂಜೆ ನೋಡಿದರೆ ಕಾಳು ಗುರುವಾರದ ಗೀಟಿಗೆ ಇಳಿದಿರುತ್ತಿತ್ತು. ಮುಚ್ಚಳ ಬಿಗಿಯಾಗಿಯೇ ಇತ್ತು, ಹಲ್ಲಿನ ಗುರುತಿಲ್ಲ, ಕೆಳಗೆ ಒಂದು ಹಿಕ್ಕೆಯಿಲ್ಲ. ನಾನು ಆಯಿಗೆ ಹೇಳಿದೆ.

‘ನಿನ್ನ ಮುಷ್ಟಿ ದೊಡ್ಡದಾಗೈತಿ,’ ಅಂದಳು, ನನ್ನ ಕೈ ಹಿಡಿದು ಬೆರಳು ಮಡಚಿ ನೋಡುತ್ತಾ. ‘ಬೆಳ್ಯಾಕತ್ತೀಯಲ್ಲ, ಹುಚ್ಚಿ.’

ನಾನು ನಂಬಿದೆ. ಮರುದಿನದಿಂದ ಮುಷ್ಟಿಯಲ್ಲಿ ಕಾಳು ಕಡಿಮೆ ಹಿಡಿದೆ. ಅಷ್ಟರಲ್ಲಿ ಅವ್ವ ಬೇರೊಂದು ದೂರು ತೆಗೆದಳು: ‘ನಿನ್ನ ಮೊಂಡಿಲಿ ಮಧ್ಯಾಹ್ನ ಒಂದ ಸಮನ ಒದರ್ತಾವ, ಕಣ್ಣ ಮುಚ್ಚಾಕ ಬಿಡಂಗಿಲ್ಲ.’ ಮರಿ ಇರುವ ತಾಯಿಗೆ ಹಸಿವು ಜಾಸ್ತಿ ಎಂದು ನಾನೇ ಸಮಾಧಾನ ಹೇಳಿದೆ.

ಒಂದು ಗುರುವಾರ ಲಾತೂರು ಕಡೆಯ ಒಬ್ಬ ವ್ಯಾಪಾರಿ ಮದುವೆ ಮನೆಗೆಂದು ಚಾದರ ನೋಡಲು ಬಂದಿದ್ದರು. ಅಪ್ಪ ಗಂಟಿನಿಂದ ಒಂದು ಚಾದರ ತೆಗೆದು, ಎಂದಿನಂತೆ ಎರಡು ತುದಿ ಹಿಡಿದು ಗಾಳಿಯಲ್ಲಿ ಬೀಸಿ ಗಾದಿಯ ಮೇಲೆ ಹಾಸಿದರು. ಮಡಚಿದ ಬಟ್ಟೆಯ ಒಂದು ಮೂಲೆಯನ್ನು ಇಲಿ ಕಡಿದರೆ, ಬಿಚ್ಚಿದಾಗ ಒಂದೇ ತೂತು ಇರುವುದಿಲ್ಲ. ಮಕ್ಕಳು ಕಾಗದ ಮಡಚಿ ಕತ್ತರಿಸಿ ಬಿಚ್ಚಿದ ಹಾಗೆ ಸಾಲಾಗಿ ತೂತು, ಒಂದರ ಪಡಿಯಚ್ಚು ಇನ್ನೊಂದು. ಆ ವ್ಯಾಪಾರಿ ನಗುತ್ತಾ, ‘ನವೀನ್ ಡಿಝೈನ್ ಆಹೆ ಕಾ?’, ಹೊಸ ಡಿಸೈನೇನು, ಎಂದು ಮರಾಠಿಯಲ್ಲಿ ಕೇಳಿದರಂತೆ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅಪ್ಪ ಆ ಚಾದರವನ್ನು ಹಿತ್ತಿಲಿಗೆ ತಂದು ಗೂಡಿನ ಮುಂದೆ ಹಾಸಿದ್ದರು. ಪಾಟಿಚೀಲ ಇನ್ನೂ ನನ್ನ ಬೆನ್ನ ಮೇಲಿತ್ತು.

‘ಶೈಲಾ, ಎಣಸು.’

ಎಣಿಸಿದೆ. ಎಂಟು.

‘ನಾ ಏನ ಹೇಳಿದ್ದೆ?’

‘ಒಂದ ಹಲ್ಲ ಬಿದ್ರ…’

‘ಬಸು, ಸೋಮವಾರ ಕಾಲೇಜಿಗೆ ಹೋಗೂ ಮುಂದ ಇವನ್ನ ಒಯ್ಯಿ. ಮರಿ ಸುದ್ದಾ.’

ಮರಿಗಳು ಹುಟ್ಟಿ ಆಗ ಎರಡೇ ವಾರ. ಅಳಬಾರದೆಂದು ಮಾತು ಕೊಟ್ಟಿದ್ದೆ, ಅಳಲಿಲ್ಲ. ಆ ಇಲಿ ನನ್ನ ಕಾಳಿಗೆ ಬಂದದ್ದಲ್ಲ ಅಂದೆ.

‘ತೋರ್ಸು,’ ಅಂದರು ಅಪ್ಪ. ‘ಸೋಮವಾರದ ತನಕ ಟೈಮ್ ಐತಿ. ನಿನ್ನ ತಪ್ಪ ಇಲ್ಲಂದ್ರ ನಾನೂ ಹಟ ಮಾಡಂಗಿಲ್ಲ.’

ಆಯಿ ಅಲ್ಲೇ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ. ನನಗಾಗಿ ಒಂದು ಮಾತಾದರೂ ಆಡುತ್ತಾಳೆ ಅಂದುಕೊಂಡಿದ್ದೆ.

ಇಲಿಯ ದಾರಿ ಹಿಡಿಯಬೇಕಾದರೆ ಬೂದಿ ಹರಡಬೇಕು. ಇದನ್ನು ಕಲಿಸಿದವಳೂ ಆಯಿಯೇ. ಶುಕ್ರವಾರ ಸಂಜೆ ಒಲೆಯ ಬೂದಿಯನ್ನು ಜರಡಿ ಹಿಡಿದು ಹಿತ್ತಿಲಿಗೆಲ್ಲ ತೆಳ್ಳಗೆ ಉದುರಿಸಿದೆ. ಶನಿವಾರ ಬೆಳಿಗ್ಗೆ ನೋಡಿದರೆ ಡಬ್ಬಿಯ ಕೆಳಗಾಗಲಿ ಗೂಡಿನ ಸುತ್ತಲಾಗಲಿ ಇಲಿಯ ಒಂದು ಹೆಜ್ಜೆಯೂ ಇಲ್ಲ, ಬರೀ ಗುಬ್ಬಿಯ ಕಾಲು. ಆದರೆ ಗೋದಾಮಿನ ಹಿಂಗೋಡೆಯ ಬುಡದಲ್ಲಿ, ಮುರಿದ ಇಟ್ಟಿಗೆ ಒಟ್ಟಿದ್ದ ಮೂಲೆಗೆ, ಇಲಿಗಳ ಹೆಜ್ಜೆ ಒಂದರ ಮೇಲೊಂದು ಬಿದ್ದು ಕಾಲುದಾರಿಯೇ ಆಗಿತ್ತು. ಅಲ್ಲಿ ಅವುಗಳಿಗೆ ಏನಿದೆ? ನನಗೆ ತಿಳಿಯಲಿಲ್ಲ. ಶನಿವಾರ ಅರ್ಧ ದಿನದ ಶಾಲೆ. ಮನೆಗೆ ಬಂದವಳು ಊಟಕ್ಕೆ ಮೊದಲು ಮತ್ತೆ ಬೂದಿ ಉದುರಿಸಿದೆ. ಎಲ್ಲರೂ ಮಲಗಿದರು, ನನಗೂ ಜೊಂಪು ಹತ್ತಿತು. ಚಹಾದ ಹೊತ್ತಿಗೆ ಎದ್ದು ಹೋಗಿ ನೋಡಿದೆ. ಅಡುಗೆಮನೆಯ ಬಾಗಿಲಿನಿಂದ ಡಬ್ಬಿಗೆ, ಡಬ್ಬಿಯಿಂದ ಇಟ್ಟಿಗೆಯ ಮೂಲೆಗೆ, ಅಲ್ಲಿಂದ ಬಚ್ಚಲಿಗೆ ಹೆಜ್ಜೆಗಳಿದ್ದವು. ಇಲಿಯದ್ದಲ್ಲ. ಮನುಷ್ಯರದ್ದು, ಬರಿಗಾಲು, ಹೆಬ್ಬೆರಳು ಹೊರಕ್ಕೆ ಅಗಲಿದ್ದು. ಅವ್ವ ಹಿತ್ತಿಲಿಗೆ ಚಪ್ಪಲಿ ಇಲ್ಲದೆ ಇಳಿಯುತ್ತಿರಲಿಲ್ಲ. ಬರಿಗಾಲಲ್ಲಿ ತಿರುಗುವವರು ಮನೆಯಲ್ಲಿ ಒಬ್ಬರೇ. ನಾನು ಇಟ್ಟಿಗೆಯ ಮೂಲೆಗೆ ಇಣುಕಲೂ ಹೋಗದೆ, ಕಾಲಿನಿಂದ ಆ ಹೆಜ್ಜೆಗಳನ್ನು ಒರೆಸಿಬಿಟ್ಟೆ. ಯಾಕೆ ಒರೆಸಿದೆನೋ, ಇವತ್ತಿಗೂ ಹೇಳಲಾರೆ. ಅಪ್ಪನಿಗೆ ತೋರಿಸಬೇಕಾಗಿದ್ದ ಪುರಾವೆ ಅದೊಂದೇ ಆಗಿತ್ತು.

ರವಿವಾರ ಊಟವಾದ ಮೇಲೆ ಮಲಗಲಿಲ್ಲ. ನೀರಿನ ಡ್ರಮ್ಮಿನ ಹಿಂದೆ ಕೂತೆ. ತುಸು ಹೊತ್ತಿಗೆ ಆಯಿ ಬಂದಳು. ಯಾರಿಗೂ ಅಂಜುವ ನಡಿಗೆಯಲ್ಲ, ತನ್ನ ಎಂದಿನ ನಿಧಾನದ ನಡಿಗೆ. ತಾಟನ್ನು ಮೇಲಕ್ಕೆ ಸರಿಸಿ ಡಬ್ಬಿಯ ಮುಚ್ಚಳ ತೆಗೆದಳು. ಮೊಂಡಿಲಿಗಳು ಸೀಟಿ ಹೊಡೆದವು. ‘ಹೌದ್ರೆವ್ವಾ, ನಿಮಗೂ,’ ಎಂದು ಜಾಳಿಗೆಯೊಳಗೆ ನಾಲ್ಕು ಕಾಳು ಹಾಕಿ, ಎರಡು ಮುಷ್ಟಿ ಸೆರಗಿಗೆ ಹಾಕಿಕೊಂಡಳು. ಇಟ್ಟಿಗೆಯ ಮೂಲೆಗೆ ಹೋಗಿ ಒಂದು ಮುತ್ತಲ ಎಲೆ ಹಾಸಿ, ಕಾಳು ಸುರಿದು, ಅರಿಷಿಣ ಕುಂಕುಮ ಹಾಕಿ ಕೈ ಮುಗಿದಳು. ಆಮೇಲೆ ಗೋಡೆಯ ಬಿಲದ ಕಡೆ ಬಾಗಿ, ನನ್ನನ್ನು ಮಲಗಿಸುವಾಗ ಆಡುತ್ತಿದ್ದ ಅದೇ ದನಿಯಲ್ಲಿ ಹೇಳಿದಳು:

‘ಉಣ್ರಿ. ನಿಮ್ಮ ಪಾಲ ನಿಮಗ ಬಂದೈತಿ. ನನ್ನ ಮಗನ ಅರಿಬಿಗೆ ಬಾಯಿ ಹಾಕಬ್ಯಾಡ್ರಿ.’

ಹಿತ್ತಿಲು, ಬೇವಿನ ಗಿಡ, ಬಿಸಿಲು ಎಲ್ಲ ಇದ್ದಲ್ಲೇ ಇದ್ದವು. ತಾಟು ಕೊರೆದವಳು, ಬಿಲಕ್ಕೆ ಗಾಜು ತುಂಬಿಸಿದವಳು, ಉಳಿದ ಕಾಳು ಆಮಂತ್ರಣ ಅಂದವಳು. ಡ್ರಮ್ಮಿನ ಹಿಂದಿನಿಂದ ಎದ್ದು ಹೋಗಿ ಅವಳ ಮುಂದೆ ನಿಂತೆ. ಅವಳು ಬೆಚ್ಚಲಿಲ್ಲ. ಬಾ ಎಂದು ಪಕ್ಕದ ಇಟ್ಟಿಗೆ ತೋರಿಸಿದಳು.

‘ಆಯಿ, ನೀ ದಿನಾ ಹಾಕ್ತೀಯಾ?’

‘ಇಲಿ ವಾರದಿಂದ ಹಿಡದೀನಿ.’

‘ಯಾಕ?’

‘ಅವತ್ತ ಎಲಿ ಬಡಸಾಕ ಹೋದಾಗ ನನಗ ಹೊಳೀತು ನೋಡು. ನಿನ್ನ ಗೂಡಿನಾಗಿನವು, ಈ ಬಿಲದಾಗಿನವು, ಒಂದ ಕುಲ. ಅಣ್ಣತಮ್ಮಂದ್ರು. ಒಳಗಿನವಕ್ಕ ಕೂತಲ್ಲಿ ಕಡ್ಲಿ, ಜ್ವಾಳ, ಕೊತ್ತಂಬ್ರಿ. ಹೊರಗಿನವಕ್ಕ ಗಾಜಿನ ಚೂರು. ಯಾವ ಮನೆತನದಾಗ ಇದು ನಡೀತೈತಿ ಹೇಳು. ಸಿಟ್ಟಾಗಿ ಅರಿಬಿ ಕಡೀತಾವ, ನಿಮ್ಮಪ್ಪ ನಿನ್ನ ಇಲಿ ಓಡಸ್ತಾನ. ಅದಕ್ಕ ಅದ ಡಬ್ಬಿಯಿಂದ ಅವರ ಪಾಲ ತಗದ ಕೊಟ್ಟೆ. ಬ್ಯಾರೆ ಡಬ್ಬಿಯಿಂದ ಕೊಟ್ರ ಅದು ದಾನ ಆಗ್ತೈತಿ, ಪಾಲ ಆಗಂಗಿಲ್ಲ.’

‘ಆದ್ರ ಕಡದಾವಲ್ಲ, ಆಯಿ.’

‘ಕಡಿಮಿ ಬಿದ್ದಿರಬೇಕು,’ ಅಂದಳು, ಯೋಚಿಸುತ್ತಾ. ‘ಮರಿ ಆದ ಮ್ಯಾಲ ಒಳಗಿನವರ ಪಾಲ ಹೆಚ್ಚಾತು. ಹೊರಗಿನವರದು ನಾ ಹೆಚ್ಚ ಮಾಡಿರಲಿಲ್ಲ.’

ನನ್ನ ಸಲುವಾಗಿಯೇ ಮಾಡಿದ್ದಳು. ಮೊಂಡಿಲಿಗಳು ಉಳಿಯಲಿ ಎಂದು ಊರ ಇಲಿಗಳನ್ನು ಗೋದಾಮಿನ ಗೋಡೆಗೆ ದಿನವೂ ಕರೆದು ಊಟಕ್ಕಿಟ್ಟಿದ್ದಳು. ಅಜ್ಜ ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬ ಮಾಡದೆ, ಇಲಿಗೆ ಎಲೆ ಬಡಿಸದೆ ಬಿಟ್ಟಿದ್ದರಂತೆ. ಆ ವರ್ಷ ಎರಡು ಗಂಟು ಚಾದರ ಪೂರ್ತಿ ಹೋದದ್ದನ್ನು ತನ್ನ ಕಣ್ಣಿಂದ ಕಂಡಿದ್ದಾಗಿ ಹೇಳಿದಳು. ಅವಳ ಮುಖದಲ್ಲಿ ತಪ್ಪು ಮಾಡಿದವರ ಕಳೆ ಒಂದಿಷ್ಟೂ ಇರಲಿಲ್ಲ. ನಾನು ಅವಳ ಸೆರಗು ಹಿಡಿದೆ.

‘ಅಪ್ಪನ ಮುಂದ ಹೇಳ್ತೀಯಲ್ಲ ಆಯಿ? ನಾಳಿ ಸೋಮವಾರ. ನೀ ಹೇಳಿದ್ರ ಬಿಡ್ತಾರ.’

‘ಊಟ ಆಗಲಿ. ನೋಡೂಣು.’

ಅದನ್ನು ನಾನು ಮಾತು ಕೊಟ್ಟಂತೆಯೇ ಎಂದು ತಿಳಿದೆ. ಸಂಜೆ ದೀಪ ಹಚ್ಚಿದ ಮೇಲೆ ಅಡುಗೆಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ನಾನು ಆಯಿಯ ಮುಖವನ್ನೇ ನೋಡುತ್ತಿದ್ದೆ. ಅಪ್ಪ ಎರಡನೆಯ ರೊಟ್ಟಿ ಮುರಿದರು. ಆಯಿ ಚಟ್ನಿಗೆ ಎಣ್ಣೆ ಹಾಕಿಕೊಂಡಳು. ಕಾಕಾ ಯಾವುದೋ ಬಸ್ಸಿನ ಸುದ್ದಿ ಹೇಳಿದ. ಅಪ್ಪ ಕೈ ತೊಳೆಯಲು ಏಳುವ ಹೊತ್ತಾಯಿತು. ನನಗೆ ತಡೆಯಲಾಗಲಿಲ್ಲ.

‘ಅಪ್ಪಾ, ಇಲಿ ನನ್ನ ಕಾಳಿಗೆ ಬಂದಿಲ್ಲ. ಆಯಿ ಗೋದಾಮದ ಹಿಂದ ದಿನಾ ಕಾಳ ಹಾಕ್ತಾಳ. ಎಲಿ ಹಾಸಿ.’

ಅವ್ವನ ಕೈಯ ರೊಟ್ಟಿ ಹಂಚಿನ ಮೇಲೇ ನಿಂತಿತು. ಅಪ್ಪ ತಾಯಿಯ ಕಡೆ ತಿರುಗಿದರು.

‘ಹೌದೇನವ್ವಾ?’

‘ಇಲ್ಲಪ್ಪ,’ ಅಂದಳು ಆಯಿ. ‘ನಾ ಯಾಕ ಹಾಕಲಿ?’

ಅಷ್ಟೇ. ದಿನಕ್ಕೆರಡು ಸಲ ಪೂಜೆ ಮಾಡುವವಳು, ನನ್ನ ಸಣ್ಣ ಸುಳ್ಳಿಗೂ ನಾಲಿಗೆ ಮೇಲೆ ಖಾರ ಇಡುತ್ತೇನೆ ಎಂದು ಹೆದರಿಸುವವಳು. ನಾನು ಎದ್ದು ನಿಂತೇಬಿಟ್ಟೆ. ಇಟ್ಟಿಗೆಯ ಮೂಲೆ, ಮುತ್ತಲ ಎಲೆ, ಅರಿಷಿಣ, ಎಲ್ಲ ಹೇಳಿದೆ, ಹೋಗಿ ನೋಡಿರಿ ಅಂದೆ. ಅಪ್ಪ ಕಾಕಾನಿಗೆ ಕಣ್ಸನ್ನೆ ಮಾಡಿದರು. ಕಾಕಾ ಬ್ಯಾಟರಿ ತೆಗೆದುಕೊಂಡು ಹೋದ. ಬಂದು ಬಾಗಿಲಲ್ಲಿ ನಿಂತ. ಮೊದಲು ಆಯಿಯನ್ನು ನೋಡಿದ, ಆಮೇಲೆ ನನ್ನನ್ನು.

‘ಏನೂ ಇಲ್ಲ, ಅಣ್ಣಾ.’

‘ಕೂಸ ಹೆದರೈತಿ,’ ಅಂದಳು ಆಯಿ. ‘ಆ ಜೀವದ ಮ್ಯಾಲ ಆಸೆ, ಏನರೆ ಹೇಳ್ತೈತಿ. ಅದಕ್ಕ ಬಯ್ಯಬ್ಯಾಡ ನೀ.’

ಅಪ್ಪ ಬಯ್ಯಲಿಲ್ಲ. ಅಜ್ಜಿಯ ಮೇಲೆ ಸುಳ್ಳು ಹೊರಿಸಿದ ಮಗಳ ಕಡೆ ಒಮ್ಮೆ ನೋಡಿ ಕೈ ತೊಳೆಯಲು ಹೋದರು. ಅದಾದ ಮೇಲೆ ಎಂಟು ದಿನ ನನ್ನೊಂದಿಗೆ ಮಾತಾಡಲಿಲ್ಲ. ನಾನು ಇನ್ನೂ ನಿಂತೇ ಇದ್ದೆ. ಆಯಿ ನನ್ನ ಕೈ ಹಿಡಿದು ಕೂರಿಸಿ, ರೊಟ್ಟಿಗೆ ಬೆಣ್ಣೆ ಹಚ್ಚಿ, ಚಟ್ನಿ ಇಟ್ಟು, ತುತ್ತು ಮಾಡಿ ಬಾಯಿಗೆ ಹಿಡಿದಳು. ನಾನು ತಿಂದೆ. ಹಸಿವಾಗಿತ್ತು. ಇನ್ನೊಂದು ತುತ್ತಿಗೂ ಬಾಯಿ ತೆರೆದೆ. ಆ ಸಂಜೆಯಲ್ಲಿ ಇವತ್ತಿಗೂ ನನ್ನನ್ನು ಬೆಚ್ಚಿಸುವುದು ಅವಳ ‘ಇಲ್ಲಪ್ಪ’ಕ್ಕಿಂತ ಆ ತುತ್ತು.

ಎಷ್ಟೋ ವರ್ಷದ ಮೇಲೆ, ಆಯಿ ಹೋದ ಮೇಲೆ, ಕಾಕಾ ಒಂದು ಮಾತು ಹೇಳಿದ. ನಾವಿಬ್ಬರೂ ಹೋಟಗಿ ಸ್ಟೇಷನ್ನಿನಲ್ಲಿ ತಡವಾದ ಗಾಡಿಗೆ ಕಾಯುತ್ತಾ ಕೂತಿದ್ದೆವು. ‘ಅವತ್ತ ಆ ಇಟ್ಟಿಗಿ ಮೂಲ್ಯಾಗ ನೆಲ ಹಸಿ ಇತ್ತು, ಶೈಲಾ,’ ಅಂದ. ‘ಹೊಸದಾಗಿ ಸಗಣಿ ಹಾಕಿ ಸಾರಿಸಿದ್ದರು. ಸಂಜೀ ಹೊತ್ತನ್ಯಾಗ ಯಾರ ಸಾರಸ್ತಾರ?’ ಯಾಕೆ ಆಗಲೇ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ನನಗೆ ಉತ್ತರ ಗೊತ್ತಿತ್ತು. ಅಪ್ಪನಿಗೆ ತಿಳಿದರೆ ಆ ಎಲೆ ನಿಲ್ಲುತ್ತಿತ್ತು. ಎಲೆ ನಿಂತರೆ ಮಗ ಮುಳುಗುತ್ತಾನೆ ಎಂಬುದು ಆಯಿಗೆ ಬೆಳಗಿನಷ್ಟು ಖಾತ್ರಿ. ಒಂದು ಕಡೆ ಮಗ, ಇನ್ನೊಂದು ಕಡೆ ನಾನು ಮತ್ತು ಐದು ಮೊಂಡಿಲಿ. ಅವಳು ತೂಗಿದಳು. ಕಾಕಾನೂ ತೂಗಿದ, ತಾಯಿಯನ್ನು ಸುಳ್ಳುಗಾತಿ ಅನ್ನಿಸಬೇಕೇ ಬೇಡವೇ ಎಂದು. ಮಕ್ಕಳು ತೂಕಕ್ಕೆ ಬರುವುದಿಲ್ಲ ಎಂಬುದು ಅಂದು ಊಟದ ಆ ಹತ್ತು ನಿಮಿಷದಲ್ಲಿ ನನಗೆ ತಿಳಿದುಹೋಯಿತು. ಆಮೇಲೆ ಯಾರನ್ನೂ ನಾನು ಪೂರ್ತಿ ನಂಬಲಿಲ್ಲ, ಯಾರ ಮೇಲೂ ಪೂರ್ತಿ ಸಿಟ್ಟಾಗಲೂ ಇಲ್ಲ.

ಸೋಮವಾರ ಹೊಟ್ಟೆನೋವೆಂದು ಶಾಲೆಗೆ ಹೋಗಲಿಲ್ಲ. ಕಾಕಾ ಅದೇ ಥರದ ರಟ್ಟಿನ ಪೆಟ್ಟಿಗೆ ತಂದು ಐದನ್ನೂ ಅದರಲ್ಲಿಟ್ಟ. ಮರಿಗಳು ತಾಯಿಯ ಹೊಟ್ಟೆಯ ಕೆಳಗೆ ತೂರಿಕೊಂಡವು. ಡಬ್ಬಿಯಲ್ಲಿ ಉಳಿದಿದ್ದ ಕಾಳನ್ನೆಲ್ಲ ನಾನು ಪೆಟ್ಟಿಗೆಗೆ ಸುರಿದೆ. ಆಯಿ ಬಂದು ಒಂದು ಹಿಡಿ ನೆನೆದ ಕಡಲೆ ಹಾಕಿ, ‘ದಾರ್ಯಾಗ ಹಸಿವಾದೀತು’ ಅಂದಳು. ಕಾಕಾ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟುವಾಗ ಅವಳು ನನ್ನ ತಲೆಯ ಮೇಲೆ ಕೈ ಇಟ್ಟು, ಯಾರಿಗೂ ಕೇಳದಂತೆ ಹೇಳಿದಳು:

‘ನೀ ಸುಳ್ಳ ಹೇಳಿಲ್ಲ. ನನಗ ಗೊತ್ತೈತಿ.’

‘ಅದನ್ನ ಅಪ್ಪನ ಮುಂದ ಹೇಳು.’

‘ಅವನ ಮುಂದ ಆಗಂಗಿಲ್ಲ, ಶೈಲವ್ವಾ.’

ಸೈಕಲ್ಲು ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ಸೀಟಿ ಕೇಳಿಸುತ್ತಿತ್ತು. ಅವು ಏನಾದವು ಎಂದು ಕಾಕಾ ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವತ್ತು ಮಧ್ಯಾಹ್ನ ಊಟವಾಗಿ ಮನೆ ಮಲಗಿತ್ತು. ನಾನು ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದೆ. ಆಯಿ ಎದ್ದು ಬಂದು ಗೋಡೆಯ ಎತ್ತರದ ಮಾಡದ ಕೆಳಗೆ ನಿಂತಳು. ಮೇಲೆ ಅವ್ವನ ಜೋಳದ ಡಬ್ಬಿ ಇತ್ತು. ಕೈ ಚಾಚಿ ನೋಡಿದಳು, ಸಿಗಲಿಲ್ಲ.

‘ಶೈಲವ್ವಾ, ಅದು ನನಗ ನಿಲುಕಂಗಿಲ್ಲ. ಒಂದೀಟ ಜ್ವಾಳ ತಗದ ಕೊಡು.’

‘ಯಾರಿಗಿ?’

‘ಗೊತ್ತಿದ್ದದ್ದ ಕೇಳ್ತಾರೇನು?’

ನಾನು ಅವಳನ್ನು ನೋಡುತ್ತಾ ಕೂತೆ. ಅವಳು ಕಾಯುತ್ತಾ ನಿಂತಳು, ಹೂಬತ್ತಿ ಹೊಸೆಯುವವರ ತಾಳ್ಮೆಯಿಂದ. ಕೂಗಿದರೆ ಅವ್ವ ಏಳುತ್ತಿದ್ದಳು. ಅಪ್ಪ ಅಂಗಡಿಯಲ್ಲೇ ಇದ್ದರು. ನಾನು ಸ್ಟೂಲು ಎಳೆದುಕೊಂಡು ಹತ್ತಿದೆ. ಒಂದು ಮುಷ್ಟಿ ಜೋಳ ತೆಗೆದು, ಅವಳು ಕೆಳಗೆ ಹರಡಿ ಹಿಡಿದಿದ್ದ ಸೆರಗಿಗೆ ಹಾಕಿದೆ.

‘ಇನ್ನೊಂದ ಮುಷ್ಟಿ ಹಾಕು,’ ಅಂದಳು ಆಯಿ. ‘ನಿನ್ನೀದು ಎಲ್ಲಾ ಎತ್ತಿ ತಗದಬಿಟ್ಟಿದ್ದೆ. ಉಪವಾಸ ಇದ್ದಾವ.’

ಇನ್ನೊಂದು ಮುಷ್ಟಿ ಹಾಕಿದೆ. ಒಂದು ಕಾಳೂ ನೆಲಕ್ಕೆ ಬೀಳದಂತೆ.